ನಿಮಗಿದು ಗೊತ್ತೆ? ಪೆಂಗ್ವಿನ್‌ಗೂ ಉಂಟು ಸ್ವೆಟರ್!

ಮೊಮ್ಮಕ್ಕಳಿಗೆ ಕುಲಾವಿ ಹೆಣೆಯುವ ಕೈಗಳು ಪೆಂಗ್ವಿನ್‌ಗಳಿಗೂ ಸ್ವೆಟರ್ ಹೆಣೆದಿವೆ. ಆಸ್ಟ್ರೇಲಿಯಾದ ಫಿಲಿಪ್ ದ್ವೀಪದಲ್ಲಿರುವುದು ಜಗತ್ತಿನ ಅತಿ ಚಿಕ್ಕ ಪೆಂಗ್ವಿನ್‌ಗಳು. ಎತ್ತರ ಸುಮಾರು 33 ಸೆಂ.ಮೀ., ತೂಕ ಒಂದು ಕೆ.ಜಿ.ಯ ಆಸುಪಾಸು. ಕಡಲಿಗೆ ಸೋರಿದ ತೈಲ ಮೆತ್ತಿಕೊಂಡರೆ ಗರಿಗಳು ಅಂಟಿಕೊಂಡು, ತಣ್ಣೀರು ಮೈಗೇ ತಾಗಿ ಹಕ್ಕಿ ಸೊರಗುತ್ತದೆ. ಇನ್ನೂ ದೊಡ್ಡ ಅಪಾಯ, ಕೊಕ್ಕಿನಿಂದ ಗರಿ ತೀಡಿಕೊಳ್ಳುವಾಗ ಆ ವಿಷ ಹೊಟ್ಟೆ ಸೇರುವುದು. ಮೈ ತೊಳೆಯುವವರೆಗೆ ಎರಡನ್ನೂ ತಡೆಯುವುದೇ ಸ್ವೆಟರ್. 2001ರ ಸೋರಿಕೆಯಲ್ಲಿ 438 ಪೆಂಗ್ವಿನ್‌ಗಳಿಗೆ ತೈಲ ಅಂಟಿತ್ತು. ಆರೈಕೆಯಿಂದ ಶೇ 96ರಷ್ಟು ಚೇತರಿಸಿಕೊಂಡವು. ಎಂಥ ನೆಮ್ಮದಿಯ ಸುದ್ದಿ!

ಹೆಣೆದವರಲ್ಲಿ ಆಲ್ಫ್ರೆಡ್ ಡೇಟ್ ಅವರನ್ನು ನೆನೆಯಲೇಬೇಕು. 1930ರ ದಶಕದಲ್ಲಿ ಅತ್ತಿಗೆಯೋ ನಾದಿನಿಯೋ, ಮನೆಯ ಹೆಣ್ಣುಮಗಳೊಬ್ಬರು ಕಡ್ಡಿ, ಉಲ್ಲನ್ ಕೊಟ್ಟು ಕೂಸಿಗೊಂದು ಅಂಗಿ ಹೆಣೆಯಲು ಹೇಳಿದಾಗ ಅವರು ಕಲಿತ ವಿದ್ಯೆಯಿದು. ನೂರು ದಾಟಿದ ಮೇಲೆ, ವೃದ್ಧಾಶ್ರಮದ ದಾದಿಯರು ಕೇಳಿದ್ದಕ್ಕೆ ಪೆಂಗ್ವಿನ್‌ಗಳಿಗಾಗಿ ಹೆಣೆದರು. 2015ರಲ್ಲಿ, ತಮ್ಮ 109ನೇ ವಯಸ್ಸಿನಲ್ಲಿ, ಲೋಕಪ್ರಸಿದ್ಧರಾದರು.

ಹೆಚ್ಚಾಗಿ ಬಂದ ಸ್ವೆಟರ್‌ಗಳೂ ವ್ಯರ್ಥವಾಗಲಿಲ್ಲ. ಅವನ್ನು ಆಟಿಕೆ ಪೆಂಗ್ವಿನ್‌ಗಳಿಗೆ ತೊಡಿಸಿ ಮಾರಿ, ಬಂದ ಹಣವನ್ನು ಪೆಂಗ್ವಿನ್‌ಗಳ ಸಂರಕ್ಷಣೆಗೇ ಬಳಸಲಾಯಿತು.