ಮೆಕ್ಕೆಜೋಳದ ದರ ಯಾವ ಪುಟದಲ್ಲೂ ಬರೆದಿಟ್ಟಿರುವುದಿಲ್ಲ

ದಾವಣಗೆರೆ ಎಪಿಎಂಸಿಯಲ್ಲಿ ಇವತ್ತು ಮೆಕ್ಕೆಜೋಳ ಏನು ರೇಟು ಎಂದು ಜಗಳೂರಿನ ರೈತರು ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ರಾಜ್ಯ ಕೃಷಿ ಮಾರಾಟ ಮಂಡಳಿಯ ‘ಕೃಷಿ ಮಾರಾಟ ವಾಹಿನಿ’ ತಾಣದಲ್ಲಿ ಆವಕ, ಕನಿಷ್ಠ, ಗರಿಷ್ಠ, ಮಾದರಿ ದರ ಎಲ್ಲ ಸಿಗುತ್ತವೆ. ಯಾರೋ ದಿನಾ ಕೂತು ಆ ಪುಟವನ್ನು ಟೈಪ್ ಮಾಡಿ ಹಾಕುತ್ತಾರೆ ಎಂದೇ ಬಹಳ ಜನ ತಿಳಿದಿದ್ದಾರೆ.

ಆದರೆ ಇಂಥ ತಾಣಗಳಲ್ಲಿ ಸಿದ್ಧ ಪುಟ ಎಂಬುದು ಇರುವುದಿಲ್ಲ. ಇರುವುದು ಟೇಬಲ್ಲುಗಳು: ದಿನಾಂಕ, ಮಾರುಕಟ್ಟೆ, ಉತ್ಪನ್ನ, ದರ, ಹೀಗೆ ಸಾಲು ಸಾಲು. ನೀವು ಬಟನ್ ಒತ್ತಿದ ಮೇಲೆ ಸರ್ವರಿನ ಪ್ರೋಗ್ರಾಂ ‘ಮಾರುಕಟ್ಟೆ ದಾವಣಗೆರೆ, ಉತ್ಪನ್ನ ಮೆಕ್ಕೆಜೋಳ, ಇತ್ತೀಚಿನ ದಿನಾಂಕದ ಸಾಲು ಕೊಡು’ ಎಂದು ಡೇಟಾಬೇಸನ್ನು ಕೇಳುತ್ತದೆ. ಬಂದ ಉತ್ತರವನ್ನು ಖಾಲಿ ಅಚ್ಚಿಗೆ ತುಂಬಿ ಕಳಿಸುತ್ತದೆ. ಈ ಕೇಳುವಿಕೆಯೇ ಕ್ವೆರಿ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಟೇಬಲ್ಲುಗಳ ಈ ಸಿದ್ಧಾಂತ ಮುಂದಿಟ್ಟರು. ಅಲ್ಲಿಯವರೇ ಆದ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಪ್ರಕಟಿಸಿದ ಭಾಷೆಯೇ ಇಂದಿನ ಎಸ್‌ಕ್ಯೂಎಲ್. ಡೇಟಾಬೇಸು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ. ಪ್ರಶ್ನೆ ತಪ್ಪಿದ್ದರೂ ಪುಟ ಅಷ್ಟೇ ಅಚ್ಚುಕಟ್ಟಾಗಿ ಬರುತ್ತದೆ. ತೊಂದರೆ ಇರುವುದೇ ಇಲ್ಲಿ. ಈ ಬಗ್ಗೆ ಆಗಾಗ ಕೇಳಿಬರುವ ಕೆಲವು ಮಾತುಗಳನ್ನು ನೋಡೋಣ.

‘ದರ ಇಲ್ಲ ಅಂದರೆ ಸೊನ್ನೆ ಹಾಕಿದರಾಯಿತು.’ ಆಗುವುದಿಲ್ಲ. ಒಂದು ದಿನ 2100 ರೂಪಾಯಿ, ಮರುದಿನ ಮಾರುಕಟ್ಟೆ ರಜೆ, ಮೂರನೇ ದಿನ 2200 ಎಂದುಕೊಳ್ಳಿ. ರಜೆಯ ದಿನವನ್ನು ‘ನಲ್’, ಅಂದರೆ ಖಾಲಿ ಬಿಟ್ಟರೆ ಸರಾಸರಿ 2150 ಬರುತ್ತದೆ, ಏಕೆಂದರೆ ಎಸ್‌ಕ್ಯೂಎಲ್‌ನ ಸರಾಸರಿ ಖಾಲಿಯನ್ನು ಎಣಿಸುವುದಿಲ್ಲ. ಸೊನ್ನೆ ತುಂಬಿದರೆ ಅದೇ ಸರಾಸರಿ 1433ಕ್ಕೆ ಇಳಿಯುತ್ತದೆ. ಆ ಅಂಕಿ ನೋಡಿ ಮಾಲು ಕೊಡುವ ರೈತರ ಗತಿ ಏನು?

‘ಕನ್ನಡ ಡೇಟಾಬೇಸಿಗೆ ಒಗ್ಗುವುದಿಲ್ಲ.’ ಹಳೇ ನುಡಿ, ಬರಹ ಫಾಂಟುಗಳಲ್ಲಿ ತುಂಬಿದ ಕಡತ ಹುಡುಕಿ ಸೋತವರು ಹೇಳುವ ಮಾತಿದು. ಅಲ್ಲಿ ಉಳಿದಿದ್ದದ್ದು ಕನ್ನಡದ ವೇಷ ಹಾಕಿದ ರೋಮನ್ ಸಂಕೇತಗಳು. ಯೂನಿಕೋಡ್‌ನಲ್ಲಿ ಆ ಗೋಳಿಲ್ಲ. ‘ಹರಿಹರ’ ಎಂದರೆ ಐದು ಸಂಕೇತ, ಯುಟಿಎಫ್-8ರಲ್ಲಿ ತಲಾ ಮೂರು ಬೈಟಿನಂತೆ 15 ಬೈಟು, ಅಷ್ಟೇ. ಆದರೆ ಒಂದು ಎಡವುಗಲ್ಲು ಇದೆ. ‘ಮೆಕ್ಕೆಜೋಳ’ದ ‘ಜೋ’ ನೋಡಿ. ಅದರ ಓತ್ವವನ್ನು ಒಂದೇ ಸಂಕೇತವಾಗಿಯೂ ಉಳಿಸಬಹುದು, ಒತ್ವ ಮತ್ತು ದೀರ್ಘ ಚಿಹ್ನೆ ಎಂದು ಎರಡಾಗಿಯೂ ಉಳಿಸಬಹುದು. ಕಣ್ಣಿಗೆ ಒಂದೇ, ಬೈಟುಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಅರ್ಧ ಸಾಲುಗಳು ಸಿಕ್ಕಿ ಇನ್ನರ್ಧ ಮಾಯವಾದರೆ ಮೊದಲು ಇದನ್ನೇ ಅನುಮಾನಿಸಿ. ಉಳಿಸುವ ಮುನ್ನವೇ ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಳ್ಳುವುದು ಜಾಣತನ.

‘ಡೇಟಾ ಜಾಸ್ತಿ ಆಯಿತು, ಅದಕ್ಕೇ ಸೈಟು ನಿಧಾನ.’ ಕೆಲವೊಮ್ಮೆ ನಿಜ. ಆದರೆ ದಾವಣಗೆರೆ ಜಿಲ್ಲೆಯ ಆರು ತಾಲ್ಲೂಕುಗಳ ಪಟ್ಟಿ ತಂದು, ಆಮೇಲೆ ಒಂದೊಂದಕ್ಕೂ ಮತ್ತೆ ಕ್ವೆರಿ ಓಡಿಸಿದರೆ ಒಂದು ಪುಟಕ್ಕೆ ಏಳು ಪ್ರಶ್ನೆಯಾಯಿತು. ಎರಡು ಟೇಬಲ್ ಜೋಡಿಸಿ ಕೇಳಿದರೆ ಒಂದೇ ಸಾಕು. ದಿನಾಂಕಕ್ಕೂ ಮಾರುಕಟ್ಟೆಗೂ ಇಂಡೆಕ್ಸ್, ಅಂದರೆ ಬೇಗ ಹುಡುಕುವ ಸೂಚಿ, ಹಾಕದೆ ಸರ್ವರಿಗೆ ದುಡ್ಡು ಸುರಿಯುವುದು ವ್ಯರ್ಥ.

‘ಪಾಸ್‌ವರ್ಡ್ ಗಟ್ಟಿಯಿದ್ದರೆ ಸೈಟು ಭದ್ರ.’ ಹರಿಹರದ ಆರೋಗ್ಯ ಮಾತೆ ಚರ್ಚಿಗೆ ಬರುವ ಭಕ್ತರೊಬ್ಬರು ಯಾವುದೋ ಲಾಡ್ಜಿನ ತಾಣದಲ್ಲಿ ‘ಡಿ'ಸೋಜಾ’ ಎಂದು ಹೆಸರು ತುಂಬಿದರೆ ಪುಟವೇ ಕೈಕೊಡಬಹುದು. ಹೆಸರಿನ ನಡುವಿನ ಆ ಚಿಹ್ನೆಯನ್ನು ಡೇಟಾಬೇಸು ‘ಪಠ್ಯ ಇಲ್ಲಿಗೆ ಮುಗಿಯಿತು’ ಎಂದು ಓದುತ್ತದೆ. ಪಾಪದ ಭಕ್ತರಿಂದ ಬರೀ ಎರರ್ ಬರುತ್ತದೆ. ಕಿಡಿಗೇಡಿಯಾದರೆ ಅದೇ ಸಂದಿಯಲ್ಲಿ ತನ್ನ ಆಜ್ಞೆ ತೂರಿಸಿ ಇಡೀ ಟೇಬಲ್ ಓದುತ್ತಾನೆ, ಅಳಿಸಿಯೂ ಬಿಡುತ್ತಾನೆ. ಹೆಸರನ್ನು ಕ್ವೆರಿಯ ವಾಕ್ಯಕ್ಕೆ ಅಂಟಿಸಬಾರದು. ವಾಕ್ಯ ಬೇರೆ, ಮೌಲ್ಯ ಬೇರೆ ಎಂದು ಪ್ರತ್ಯೇಕವಾಗಿ ಕಳಿಸಬೇಕು. ಆ ಸೌಲಭ್ಯ ಇವತ್ತು ಎಲ್ಲ ಪ್ರಮುಖ ಪ್ರೋಗ್ರಾಮಿಂಗ್ ಭಾಷೆಗಳಲ್ಲೂ ಇದೆ.

‘ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಸರಿಯಾಗುತ್ತದೆ.’ ಡೇಟಾಬೇಸಿನ ದೊಡ್ಡ ಹೆಗ್ಗಳಿಕೆಯೇ ಇದು, ಬಲೆಯೂ ಇದೇ. ಹರಪನಹಳ್ಳಿಯನ್ನೇ ತೆಗೆದುಕೊಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದು ಬಳ್ಳಾರಿಯಿಂದ ಇತ್ತ ಬಂತು. ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ಫಲವಾಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ತಾಲ್ಲೂಕು ಟೇಬಲಿನಲ್ಲಿ ಜಿಲ್ಲೆಯ ಹೆಸರು ತಿದ್ದಿದರೆ ಇವತ್ತಿನ ಪುಟಗಳೆಲ್ಲ ಒಮ್ಮೆಗೇ ಸರಿಯಾಗುತ್ತವೆ. ಅದೇ ಟೇಬಲ್ ನೆಚ್ಚಿಕೊಂಡು ದಾವಣಗೆರೆ ಜಿಲ್ಲೆಯ 2011ರ ಜನಗಣತಿಯ ಪುಟ ತೆರೆಯಿರಿ: ತಾಲ್ಲೂಕುಗಳನ್ನು ಕೂಡಿದ ಮೊತ್ತ ಪ್ರಕಟಿತ 19,45,497ಕ್ಕೆ ಮುಟ್ಟುವುದೇ ಇಲ್ಲ, ಹರಪನಹಳ್ಳಿಯ ಜನ ಅಷ್ಟೂ ಕಾಣೆ! ಹಾಗಾಗಿ ತಾಲ್ಲೂಕು ಯಾವ ಜಿಲ್ಲೆಯಲ್ಲಿತ್ತು ಎನ್ನುವುದರ ಜೊತೆ ಎಂದಿನಿಂದ, ಎಂದಿನವರೆಗೆ ಎಂಬ ಎರಡು ಕಾಲಂ ಬೇಕು. ಕ್ವೆರಿಯೂ ‘2011ರ ಮಾರ್ಚ್ 1ರಂದು’ ಎಂದು ದಿನ ಹೇಳಿ ಕೇಳಬೇಕು. ಆಗ ಹರಪನಹಳ್ಳಿ ವಾಪಸ್ ಬರುತ್ತದೆ, ನ್ಯಾಮತಿ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಆ ತಾಲ್ಲೂಕು ಆಗ ಇನ್ನೂ ಹೊನ್ನಾಳಿಯೊಳಗೇ ಇತ್ತಲ್ಲ.