ಪಿಜ್ಜಾಕ್ಕೆ ಓವನ್ ಬೇಡ, ನಮ್ಮ ದೋಸೆ ಕಾವಲಿ ಸಾಕು



ಸಂಜೆ ಏಳು ಗಂಟೆಗೆ ನಮ್ಮ ಹೋಟೆಲಿಗೆ ಒಂದು ಸಂಸಾರ ಬರುತ್ತದೆ. ಅಜ್ಜನಿಗೆ ಇಡ್ಲಿ, ಅಮ್ಮನಿಗೆ ಮಸಾಲೆ ದೋಸೆ, ಅಪ್ಪನಿಗೆ ಪಾವ್‌ಭಾಜಿ. ಹತ್ತು ವರ್ಷದ ಮಗು ಮಾತ್ರ ಮೆನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ "ಪಿಜ್ಜಾ ಹೈ ಕ್ಯಾ?" ಎಂದು ಕೇಳುತ್ತದೆ. ಇಲ್ಲ ಎಂದರೆ ಆ ದಿನ ಮುಖ ಊದಿಸಿಕೊಂಡು ಏನೋ ತಿನ್ನುತ್ತದೆ. ಮುಂದಿನ ಭಾನುವಾರ ಇಡೀ ಸಂಸಾರ ಬೇರೆ ಕಡೆ ಹೋಗಿರುತ್ತದೆ. ಎಲ್ಲಿ ತಿನ್ನಬೇಕು ಎಂದು ತೀರ್ಮಾನ ಮಾಡುವವರು ಈಗ ಮಕ್ಕಳು. ಇದು ಮುಂಬಯಿಯಲ್ಲಿ ಮಾತ್ರವಲ್ಲ, ಪುಣೆ, ಹೈದರಾಬಾದ್, ದೆಹಲಿಯಲ್ಲಿರುವ ನಮ್ಮವರೂ ಇದೇ ಮಾತು ಹೇಳುತ್ತಾರೆ.

ನಾವು 1986ರಲ್ಲಿ ಹತ್ತನೇ ತರಗತಿ ಮುಗಿಸಿ ಊರಿನಿಂದ ಬಸ್ಸು ಹತ್ತಿ ಮುಂಬಯಿಗೆ ಬಂದಾಗ ಪಿಜ್ಜಾ ಎಂಬ ಹೆಸರನ್ನೇ ಕೇಳಿರಲಿಲ್ಲ. 1996ರಲ್ಲಿ ದೆಹಲಿಯಲ್ಲಿ ಡೊಮಿನೋಸ್, ಬೆಂಗಳೂರಿನಲ್ಲಿ ಪಿಜ್ಜಾ ಹಟ್ ಬಾಗಿಲು ತೆರೆದವು. ಆಗ ನಮ್ಮ ಹಿರಿಯರು "ರೊಟ್ಟಿ ಮೇಲೆ ಟೊಮೆಟೊ ಹಾಕಿ ಇನ್ನೂರು ರೂಪಾಯಿಗೆ ಮಾರಿದರೆ ಯಾರು ತಿನ್ನುತ್ತಾರೆ?" ಎಂದು ನಕ್ಕಿದ್ದರು. ಯಾರು ತಿಂದರು ಎಂದು ಈಗ ನಮಗೆಲ್ಲ ಗೊತ್ತಿದೆ.

ನಾವು ಮಾಡಿದ ತಪ್ಪು

ಈ ವಿಷಯದಲ್ಲಿ ನಾವು ಮಾಡಿಕೊಂಡ ನಷ್ಟವನ್ನು ಮೊದಲು ಹೇಳಿಬಿಡುತ್ತೇವೆ. ಬೇರೆಯವರು ಅದೇ ಹೊಂಡಕ್ಕೆ ಬೀಳಬಾರದು.

2014ರಲ್ಲಿ ಮಗನ ಒತ್ತಾಯಕ್ಕೆ ಒಂದೂವರೆ ಲಕ್ಷ ಕೊಟ್ಟು ಓವನ್ ತಂದೆವು. ಪಿಜ್ಜಾ ಮಾಡಲು ಬೇರೆ ಹುಡುಗನನ್ನು ಇಟ್ಟೆವು. ಮೈದಾದ ಬೇಸನ್ನು ಪ್ಯಾಕೆಟಿನಲ್ಲಿ ತರಿಸಿದೆವು, ಸಾಸನ್ನು ಡಬ್ಬದಲ್ಲಿ ತರಿಸಿದೆವು. ಎಲ್ಲಕ್ಕಿಂತ ದೊಡ್ಡ ತಪ್ಪು ಏನೆಂದರೆ, ಓವನ್ ಇಡಲು ಜಾಗ ಸಾಲದೆ ಎರಡು ದೋಸೆ ಕಾವಲಿಗಳಲ್ಲಿ ಒಂದನ್ನು ತೆಗೆದೆವು. ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿ ದೋಸೆ ಹುಯ್ಯುತ್ತಿದ್ದ ಭಟ್ಟರು ಆಗ ಏನೂ ಹೇಳಲಿಲ್ಲ. ಒಂದು ತಿಂಗಳ ನಂತರ "ಊರಲ್ಲಿ ತೋಟ ನೋಡಲು ಜನ ಇಲ್ಲ" ಎಂದು ಹೇಳಿ ಕುಂದಾಪುರಕ್ಕೆ ಹೋದರು. ತೋಟದ ವಿಷಯ ಸುಳ್ಳು ಎಂದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಪಿಜ್ಜಾ ಓಡಲಿಲ್ಲ. ದೊಡ್ಡ ಕಂಪೆನಿಯವರದೇ ರುಚಿ ಬೇಕಾದವರು ಅಲ್ಲಿಗೇ ಹೋಗುತ್ತಾರೆ, ಅದರ ನಕಲನ್ನು ತಿನ್ನಲು ನಮ್ಮಲ್ಲಿಗೆ ಏಕೆ ಬರುತ್ತಾರೆ? ಇತ್ತ ಒಂದೇ ಕಾವಲಿ ಉಳಿದದ್ದರಿಂದ ದೋಸೆಗೆ ಕಾಯುವ ಸಮಯ ಹೆಚ್ಚಾಗಿ ಹಳೆಯ ಗಿರಾಕಿಗಳೂ ಗೊಣಗತೊಡಗಿದರು. ಒಂದು ವರ್ಷದಲ್ಲಿ ಆ ಹುಡುಗ ಬಿಟ್ಟುಹೋದ. ಓವನ್ ಮೇಲೆ ನಾವು ಬಾಳೆಎಲೆ ಕಟ್ಟು ಇಡುತ್ತಿದ್ದೆವು. 2016ರಲ್ಲಿ ಅದನ್ನು ಸಿಕ್ಕಿದ ಬೆಲೆಗೆ ಮಾರಿ, ಕಾವಲಿಯನ್ನು ಮತ್ತೆ ಇಟ್ಟು, ನಾವೇ ಕುಂದಾಪುರಕ್ಕೆ ಹೋಗಿ ಭಟ್ಟರನ್ನು ಕರೆದೆವು. ಅವರು ಕಾಫಿ ಕೊಟ್ಟರು, ಬರುತ್ತೇನೆ ಎಂದು ಹೇಳಲಿಲ್ಲ. ಎಂಟು ದಿನ ಬಿಟ್ಟು ಚೀಲ ಹಿಡಿದು ತಾವೇ ಬಂದರು.

ಬಂದ ವಾರದಲ್ಲೇ ಒಂದು ಮಗು ಪಿಜ್ಜಾ ಕೇಳಿತು. ಭಟ್ಟರು ಸೆಟ್ ದೋಸೆ ಹಿಟ್ಟನ್ನು ದಪ್ಪವಾಗಿ ಹುಯ್ದು, ಚೀಸ್ ತುರಿದು, ಮುಚ್ಚಳ ಮುಚ್ಚಿದರು. ಮಗು ತಿಂದು ಇನ್ನೊಂದು ಕೇಳಿತು. ನಮ್ಮ ಪಿಜ್ಜಾ ಶುರುವಾದದ್ದು ಹೀಗೆ.

ಪಿಜ್ಜಾ ಎಂದರೆ ಏನು?

ಇಟಲಿಯ ನೇಪಲ್ಸ್ ಪಟ್ಟಣದಲ್ಲಿ ಪಿಜ್ಜಾ ಬಡವರ ಬೀದಿ ತಿಂಡಿಯಾಗಿತ್ತು. ಹಿಟ್ಟು, ನೀರು, ಉಪ್ಪು, ಯೀಸ್ಟ್ ಸೇರಿಸಿ ಹುದುಗು ಬರಿಸಿ, ಕೈಯಲ್ಲಿ ತಟ್ಟಿ, ಮನೆಯಲ್ಲಿ ಇದ್ದದ್ದನ್ನು ಮೇಲೆ ಹಾಕಿ ಸೌದೆ ಒಲೆಗೆ ಕೊಡುತ್ತಿದ್ದರು. 2017ರಲ್ಲಿ ಯುನೆಸ್ಕೋ ನೇಪಲ್ಸ್‌ನ ಪಿಜ್ಜಾವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು ಎಂದು ಜನ ಹೇಳುತ್ತಾರೆ. ಸರಿಯಾಗಿ ನೋಡಿದರೆ ಪಟ್ಟಿಗೆ ಸೇರಿದ್ದು ತಿಂಡಿಯಲ್ಲ, ಅದನ್ನು ತಟ್ಟಿ ಬೇಯಿಸುವವನ ಕಲೆ. ಅಂದರೆ ಅವರ ಭಟ್ಟರ ಕೈ. ಇದನ್ನು ಓದಿದಾಗ ನಮಗೆ ನಮ್ಮ ಓವನ್ ನೆನಪಾಯಿತು.

ಹುದುಗು ಬಂದ ಹಿಟ್ಟು, ಅದರ ಮೇಲೆ ತರಕಾರಿ. ಇದು ನಮ್ಮ ಊತಪ್ಪವೂ ಹೌದಲ್ಲವೇ? ವ್ಯತ್ಯಾಸ ಇರುವುದು ಬಿಸಿಯಲ್ಲಿ. ಅಲ್ಲಿಯ ಸೌದೆ ಒಲೆ 430 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾದಿರುತ್ತದೆ, ಒಂದೂವರೆ ನಿಮಿಷದೊಳಗೆ ಪಿಜ್ಜಾ ಬೇಯುತ್ತದೆ. ಬಿಸಿ ಕೆಳಗಿನಿಂದಲೂ ಮೇಲಿನಿಂದಲೂ ಬರುತ್ತದೆ. ನಮ್ಮ ಕಾವಲಿಯಲ್ಲಿ ಕೆಳಗಿನ ಬಿಸಿ ಮಾತ್ರ. ಆದ್ದರಿಂದ ಮೂರು ಮಾತು ನೆನಪಿರಲಿ:

1. ಬೇಸನ್ನು ಎರಡೂ ಕಡೆ ಬೇಯಿಸಿಕೊಂಡ ಮೇಲೆಯೇ ಉಳಿದದ್ದು.

2. ಮೇಲೆ ಹಾಕುವ ತರಕಾರಿ ಮೊದಲೇ ಬೆಂದಿರಬೇಕು, ನೀರು ಆರಿರಬೇಕು.

3. ಕಾವಲಿಯ ಅಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಳ ಮುಚ್ಚಬೇಕು. ಸಣ್ಣ ಉರಿಯಲ್ಲಿ ಎರಡು ನಿಮಿಷಕ್ಕೆ ಆವಿಯಿಂದ ಚೀಸ್ ಕರಗುತ್ತದೆ.

ಇಷ್ಟು ಗೊತ್ತಿದ್ದರೆ ಹೋಟೆಲಿನಲ್ಲಿಯೂ ಸರಿ, ನಮ್ಮ ವಾರ್ತಾಪತ್ರ ಓದುವ ಅಕ್ಕಂದಿರ ಮನೆಯಲ್ಲಿಯೂ ಸರಿ, ಓವನ್ ಬೇಕಾಗುವುದಿಲ್ಲ.

ಐದು ಬಗೆಯ ಬೇಸ್

ಊತಪ್ಪದ ಬೇಸ್: ಅಕ್ಕಿ ಮೂರು ಪಾಲು, ಉದ್ದು ಒಂದು ಪಾಲು, ಒಂದು ಹಿಡಿ ಅವಲಕ್ಕಿ, ಒಂದು ಚಮಚ ಮೆಂತ್ಯ. ನಾವು ದಿನಾ ರುಬ್ಬುವ ಹಿಟ್ಟೇ. ಒಂದು ಎಚ್ಚರಿಕೆ ಉಂಟು: ಹೆಚ್ಚು ಹುಳಿ ಬಂದ ಹಿಟ್ಟು ಬೇಡ. ಟೊಮೆಟೊ ಹುಳಿ, ಹಿಟ್ಟೂ ಹುಳಿ ಆದರೆ ಮಗು ಒಂದು ತುತ್ತು ತಿಂದು ತಟ್ಟೆ ದೂಡುತ್ತದೆ. ಮುಂಬಯಿ ಸೆಕೆಯಲ್ಲಿ ಎಂಟು ಗಂಟೆಯಲ್ಲಿ ಉಬ್ಬುವ ಹಿಟ್ಟಿಗೆ ದೆಹಲಿಯ ಚಳಿಗಾಲದಲ್ಲಿ ಅದರ ಎರಡು ಪಟ್ಟು ಸಮಯ ಬೇಕು. ದಪ್ಪಕ್ಕೆ ಹುಯ್ದು ಎರಡೂ ಕಡೆ ಬೇಯಿಸಿ. ತೂತು ಇರುವ ಮೇಲ್ಭಾಗಕ್ಕೆ ನೇರವಾಗಿ ಸಾಸ್ ಹಚ್ಚಿದರೆ ಅದು ಒಳಗೆ ಇಳಿದು ಬೇಸ್ ಮೆತ್ತಗಾಗುತ್ತದೆ. ಮೊದಲು ಸ್ವಲ್ಪ ಚೀಸ್, ಅದರ ಮೇಲೆ ಸಾಸ್, ಮತ್ತೆ ಚೀಸ್. ಇದು ಭಟ್ಟರು ಕಂಡುಕೊಂಡ ಉಪಾಯ.

ಅಕ್ಕಿ ರೊಟ್ಟಿ ಬೇಸ್: ಒಂದು ಲೋಟ ಅಕ್ಕಿ ಹಿಟ್ಟಿಗೆ ಸುಮಾರು ಒಂದು ಲೋಟ ಕುದಿಯುವ ನೀರು, ಉಪ್ಪು, ಜೀರಿಗೆ, ಸಬ್ಬಸಿಗೆ ಸೊಪ್ಪು. ಕಲಸಿ ಬಾಳೆಎಲೆಯ ಮೇಲೆ ತಟ್ಟಿ. ಬಿಸಿ ನೀರು ಹಾಕದಿದ್ದರೆ ಹಿಟ್ಟಿಗೆ ಅಂಟು ಬರುವುದಿಲ್ಲ, ರೊಟ್ಟಿ ಒಡೆಯುತ್ತದೆ. ಗೋಧಿಯಲ್ಲಿ ಇರುವ ಜಿಗುಟು ಅಕ್ಕಿಯಲ್ಲಿ ಇಲ್ಲ. ಚೀಸ್ ಹಾಕಿದ ಮೇಲೆ ಕತ್ತರಿಸಲು ಹೋದರೆ ಚೂರಾಗುತ್ತದೆ. ಆದ್ದರಿಂದ ಮೊದಲು ನಾಲ್ಕು ಭಾಗ ಮಾಡಿ, ನಂತರ ಸಾಸ್ ಹಚ್ಚಿ.

ರಾಗಿ ಬೇಸ್: ಇದೇ ಕ್ರಮ. ರಾಗಿ ಹಿಟ್ಟಿಗೆ ನಾಲ್ಕರಲ್ಲಿ ಒಂದು ಪಾಲು ಅಕ್ಕಿ ಹಿಟ್ಟು ಸೇರಿಸಿದರೆ ಅಂಚು ಗರಿಗರಿಯಾಗುತ್ತದೆ. ಬಣ್ಣ ಕಂದು. ಮಕ್ಕಳಿಗೆ "ಚಾಕೊಲೇಟ್ ಬಣ್ಣದ ಪಿಜ್ಜಾ" ಎಂದರೆ ಸಾಕು, ದೊಡ್ಡವರಿಗೆ ರಾಗಿ ಎಂದರೆ ಸಾಕು.

ಜೋಳದ ಕಟಕ ರೊಟ್ಟಿ: ಉತ್ತರ ಕರ್ನಾಟಕದ ನಮ್ಮ ಬಂಧುಗಳ ಒಣಗಿದ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಇದಕ್ಕಿಂತ ಒಳ್ಳೆಯ ತಯಾರಿ ಬೇಸ್ ಯಾವುದಿದೆ? ಸಾಸ್ ತೆಳ್ಳಗೆ ಹಚ್ಚಿ, ಶೇಂಗಾ ಚಟ್ನಿಪುಡಿ ಉದುರಿಸಿ, ಚೀಸ್ ಹಾಕಿ ಒಂದೇ ನಿಮಿಷ ಮುಚ್ಚಿ. ಕೂಡಲೇ ತಿನ್ನಬೇಕು, ಪಾರ್ಸೆಲ್‌ಗೆ ಆಗುವುದಿಲ್ಲ.

ಇಡ್ಲಿ ಬೇಸ್: ಬೆಳಗ್ಗೆ ಉಳಿದ ಇಡ್ಲಿಯನ್ನು ಫ್ರಿಜ್‌ನಲ್ಲಿ ಇಟ್ಟು, ಅದೇ ಸಂಜೆ ಅಡ್ಡಕ್ಕೆ ಎರಡು ಬಿಲ್ಲೆ ಮಾಡಿ, ಬೆಣ್ಣೆಯಲ್ಲಿ ಕೆಂಪಗೆ ಕಾಯಿಸಿ. ತಣ್ಣಗಾದ ಇಡ್ಲಿ ಮಾತ್ರ ಚೆನ್ನಾಗಿ ಕತ್ತರಿಸಲು ಬರುತ್ತದೆ. ಹುಟ್ಟುಹಬ್ಬದ ಕ್ಯಾಟರಿಂಗ್‌ಗೆ ಇದು ಬಹಳ ಅನುಕೂಲ. ಒಂದೊಂದು ಬಿಲ್ಲೆ ಒಂದೊಂದು ಪುಟ್ಟ ಪಿಜ್ಜಾ.

ನೀರು ದೋಸೆಯಲ್ಲಿಯೂ ಪ್ರಯತ್ನಿಸಿದೆವು. ಭಾರ ತಡೆಯುವುದಿಲ್ಲ. ಮಂಗಳೂರು ಬನ್ಸ್‌ನಲ್ಲಿಯೂ ನೋಡಿದೆವು. ಬಾಳೆಹಣ್ಣಿನ ಸಿಹಿಗೂ ಬೆಳ್ಳುಳ್ಳಿಗೂ ಆಗಿ ಬರಲಿಲ್ಲ. ನಮ್ಮ ಮನೆಯವರು "ಬನ್ಸನ್ನು ಬನ್ಸ್ ಆಗಿಯೇ ಬಿಡಿ" ಎಂದರು. ಬಿಟ್ಟೆವು.

ಸಾಸ್ ಮತ್ತು ಮೇಲಿನ ಅಲಂಕಾರ

ಒಂದು ಕಿಲೋ ಟೊಮೆಟೊವನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದು ಹೆಚ್ಚಿಕೊಳ್ಳಿ. ಎಂಟು ಬ್ಯಾಡಗಿ ಮೆಣಸನ್ನು ನೆನೆಸಿ, ಎಂಟು ಎಸಳು ಬೆಳ್ಳುಳ್ಳಿ ಸೇರಿಸಿ ರುಬ್ಬಿ. ಮೂರು ಚಮಚ ಎಣ್ಣೆಯಲ್ಲಿ ಎಲ್ಲವನ್ನೂ ಹಾಕಿ ಅರ್ಧಕ್ಕೆ ಇಳಿಯುವ ತನಕ ಕುದಿಸಿ. ಉಪ್ಪು, ಸಣ್ಣ ತುಂಡು ಬೆಲ್ಲ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಹೆಚ್ಚು ಕೊಡುವುದಿಲ್ಲ, ಆದ್ದರಿಂದ ಡಬ್ಬದ ಕೆಂಪು ಬಣ್ಣದ ಅಗತ್ಯವೇ ಇಲ್ಲ. ಓರೆಗಾನೊ ಪುಡಿ ಇಲ್ಲದಿದ್ದರೆ ದೊಡ್ಡಪತ್ರೆಯ ಎರಡು ಎಲೆ ಸಣ್ಣಗೆ ಹೆಚ್ಚಿ ಹಾಕಿ, ಪರಿಮಳ ಬಹಳ ಹತ್ತಿರ. ಬಾಲ್ಕನಿಯ ಕುಂಡದಲ್ಲಿ ಬೆಳೆಯುವ ಗಿಡ ಅದು.

ಕ್ಯಾಪ್ಸಿಕಂ, ಅಣಬೆ, ಬೇಬಿ ಕಾರ್ನ್ ಎಲ್ಲರೂ ಹಾಕುತ್ತಾರೆ. ನಮ್ಮ ಮೆನುವಿನಲ್ಲಿ ಹೆಚ್ಚು ಓಡುವುದು ಬೇರೆ. ಜೀಗುಜ್ಜೆ ಸಿಗುವ ಕಾಲದಲ್ಲಿ ತೆಳ್ಳಗೆ ಹೋಳು ಮಾಡಿ, ಉಪ್ಪು ಖಾರ ಹಚ್ಚಿ ಕಾವಲಿಯಲ್ಲಿ ಕೆಂಪಗೆ ಮಾಡಿ ಹಾಕುತ್ತೇವೆ. ಎಣ್ಣೆಗಾಯಿ ಬದನೆಯ ಮಸಾಲೆ ಜೋಳದ ರೊಟ್ಟಿಗೆ ಹೇಳಿ ಮಾಡಿಸಿದ ಹಾಗೆ. ಇನ್ನು ಅನಾನಸ್. ಪಿಜ್ಜಾದ ಮೇಲೆ ಅನಾನಸ್ ಇಟ್ಟವರು 1962ರಲ್ಲಿ ಕೆನಡಾದಲ್ಲಿ ಹೋಟೆಲು ನಡೆಸುತ್ತಿದ್ದ ಗ್ರೀಸ್ ಮೂಲದ ಸ್ಯಾಮ್ ಪನೊಪೌಲಸ್. ಅದು ಸರಿಯೋ ತಪ್ಪೋ ಎಂದು ಜಗತ್ತು ಇನ್ನೂ ಜಗಳವಾಡುತ್ತಿದೆ. ಮದುವೆ ಮನೆಯಲ್ಲಿ ಅನಾನಸ್ ಮೆಣಸ್ಕಾಯಿ ಉಂಡು ಬೆಳೆದ ನಮಗೆ ಆ ಜಗಳವೇ ಅರ್ಥವಾಗುವುದಿಲ್ಲ. ಮೆಣಸ್ಕಾಯಿಯನ್ನು ಗಟ್ಟಿಯಾಗಿ ಮಾಡಿ ಊತಪ್ಪದ ಬೇಸ್ ಮೇಲೆ ಹಾಕಿ ನೋಡಿ.

ಚೀಸ್ ವಿಷಯ. ಎಂಟು ಇಂಚಿನ ಪಿಜ್ಜಾಕ್ಕೆ 40 ಗ್ರಾಂ ಮೊಝರೆಲ್ಲಾ ಸಾಕು. ಅದರ ಜೊತೆ ಅಷ್ಟೇ ಪನೀರ್ ಪುಡಿ ಮಾಡಿ ಸೇರಿಸಿದರೆ ತುಂಬಿದ ಹಾಗೆ ಕಾಣುತ್ತದೆ, ಖರ್ಚೂ ಕಡಿಮೆ. ಪನೀರ್ ಕರಗುವುದಿಲ್ಲ, ಬರೀ ಪನೀರ್ ಮೇಲೆ ಮಾಡಲು ಹೋಗಬೇಡಿ.

ಗಿರಾಕಿಯ ನಂಬಿಕೆ

ಅಗ್ಗಕ್ಕೆ ಸಿಗುತ್ತದೆ ಎಂದು ವನಸ್ಪತಿ ಎಣ್ಣೆಯಿಂದ ಮಾಡಿದ ಪ್ಯಾಕೆಟ್ ತರುವವರು ನಮ್ಮಲ್ಲಿ ಇದ್ದಾರೆ. ಅದರ ಮೇಲೆ ಅನಲಾಗ್ ಎಂದು ಬರೆದಿರುತ್ತದೆ. ಅದು ಚೀಸ್ ಅಲ್ಲ. ಅದನ್ನು ಹಾಕಿ ಮೆನುವಿನಲ್ಲಿ ಚೀಸ್ ಎಂದು ಬರೆಯುವುದು ಕಾನೂನಿಗೂ ವಿರುದ್ಧ, ನಮ್ಮ ಹೆಸರಿಗೂ ಕೇಡು. 2025ರ ಸೆಪ್ಟೆಂಬರ್ 22ರಿಂದ ಚೀಸ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಶೇಕಡಾ 5ರ ಬಿಲ್ಲು ಮಾಡುವ ನಮಗೆ ಕೊಂಡ ಮಾಲಿನ ತೆರಿಗೆ ವಾಪಸು ಸಿಗುವುದಿಲ್ಲ, ಆದ್ದರಿಂದ ಈ ಇಳಿಕೆ ನೇರ ನಮ್ಮ ಕೈಗೆ ಉಳಿಯುತ್ತದೆ. ಒಳ್ಳೆಯ ಚೀಸ್ ಹಾಕಲು ಇನ್ನು ನೆಪ ಬೇಡ.

ಇನ್ನೊಂದು ಮಾತು. ಅಕ್ಕಿ, ರಾಗಿ, ಜೋಳದಲ್ಲಿ ಗ್ಲುಟೆನ್ ಇಲ್ಲ ಎಂಬುದು ನಿಜ. ಹಾಗೆಂದು ಬೋರ್ಡಿನಲ್ಲಿ "ಗ್ಲುಟೆನ್ ಇಲ್ಲ" ಎಂದು ಬರೆಯಬೇಡಿ. ಅದೇ ಕಾವಲಿಯಲ್ಲಿ ರವೆ ದೋಸೆ ಹುಯ್ಯುತ್ತೇವೆ, ರವೆ ಗೋಧಿಯದು. ಅಂಗಡಿಯ ಕೂಟು ಇಂಗಿನಲ್ಲಿಯೂ ಹೆಚ್ಚಾಗಿ ಗೋಧಿ ಅಥವಾ ಮೈದಾ ಸೇರಿರುತ್ತದೆ. ಸೀಲಿಯಾಕ್ ಕಾಯಿಲೆ ಇರುವವರಿಗೆ ಅಷ್ಟೇ ಸಾಕು, ತೊಂದರೆಯಾಗುತ್ತದೆ. ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಜೈನ ಗಿರಾಕಿಗಳಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂ, ಕ್ಯಾರೆಟ್ ಇಲ್ಲದೆ ಸಾಸನ್ನೇ ಬೇರೆ ಪಾತ್ರೆಯಲ್ಲಿ ಮಾಡಿ. ರಾತ್ರಿ ಇಟ್ಟ ಹಿಟ್ಟನ್ನು ತಿನ್ನದವರೂ ಇರುತ್ತಾರೆ, ಅವರಿಗೆ ಆಗಲೇ ಕಲಸಿದ ಅಕ್ಕಿ ರೊಟ್ಟಿ ಬೇಸ್ ಸರಿ. ಏಕಾದಶಿ, ಶ್ರಾವಣ ಸೋಮವಾರಗಳಂದು ಮಹಾರಾಷ್ಟ್ರದ ಗಿರಾಕಿಗಳಿಗೆ ಸಾಬುದಾಣ ಥಾಲಿಪೀಟಿನ ಮೇಲೆ ಪನೀರ್, ಗೆಣಸು, ಶೇಂಗಾ, ಸೈಂಧವ ಉಪ್ಪು ಹಾಕಿ ಕೊಡಬಹುದು. ಕಾವಲಿ ಬೇರೆ ಇರಲಿ.

ಕೊನೆಯ ಮಾತು

ಈಗ ನಮ್ಮಲ್ಲಿ ಶನಿವಾರ ಭಾನುವಾರ ಸಂಜೆ ನಲವತ್ತರ ಆಸುಪಾಸು ಕಾವಲಿ ಪಿಜ್ಜಾ ಹೋಗುತ್ತದೆ. ಇದಕ್ಕೆ ಹೊಸದಾಗಿ ಕೊಂಡದ್ದು ನಾಲ್ಕು ಮುಚ್ಚಳ ಮಾತ್ರ. ದೊಡ್ಡ ಕಂಪೆನಿಗಳನ್ನು ಸೋಲಿಸಿದೆವು ಎಂದು ಹೇಳುವುದಿಲ್ಲ, ಅದು ನಮ್ಮಿಂದ ಆಗುವ ಮಾತೂ ಅಲ್ಲ. ಮಗುವಿಗೋಸ್ಕರ ಸಂಸಾರ ಎದ್ದುಹೋಗುವುದು ನಿಂತಿದೆ. ಪಾವ್‌ಭಾಜಿ ನಮ್ಮದಲ್ಲ, ಮಂಚೂರಿ ನಮ್ಮದಲ್ಲ, ಆದರೂ ನಮ್ಮ ಅಡುಗೆಮನೆಗೆ ಬಂದು ನಮ್ಮ ಕೈರುಚಿಗೆ ಒಗ್ಗಿಕೊಂಡವು. ಪಿಜ್ಜಾವೂ ಹಾಗೆಯೇ ಬರಲಿ, ನಾವು ಅದರ ಹಿಂದೆ ಓಡುವುದು ಬೇಡ.

ಭಟ್ಟರಿಗೆ ಈಗ ಅರವತ್ತು ದಾಟಿದೆ. ಇಬ್ಬರು ಹುಡುಗರಿಗೆ ಕೈ ತಿದ್ದುತ್ತಿದ್ದಾರೆ. ಹೊಸ ಯಂತ್ರ ತರುವ ಮೊದಲು ನಿಮ್ಮ ಕಾವಲಿಯ ಮುಂದೆ ನಿಂತವರನ್ನು ಒಂದು ಮಾತು ಕೇಳಿ ಎಂದು ನಮ್ಮ ಸದಸ್ಯರಲ್ಲಿ ವಿನಂತಿ. ನಾವು ಕೇಳಿದ್ದರೆ ಒಂದೂವರೆ ಲಕ್ಷ ಉಳಿಯುತ್ತಿತ್ತು, ಎರಡು ವರ್ಷವೂ ಉಳಿಯುತ್ತಿತ್ತು.

ನೀವು ಬೇರೆ ಬೇಸ್ ಮಾಡಿ ನೋಡಿದ್ದರೆ ಮುಂದಿನ ಸಂಚಿಕೆಗೆ ಬರೆದು ಕಳುಹಿಸಿ. ನಾವೂ ಕಲಿಯುತ್ತೇವೆ.