ರಾಗಿಗೆ ಯಂತ್ರ ಬಂತು, ಅವರೆ ಸಾಲಿನ ಗತಿ?

ನಾಯಂಡಹಳ್ಳಿಯಲ್ಲಿ ಈಗ ಮೆಟ್ರೊ ನಿಲ್ದಾಣ. 2021ರಿಂದ ಕೆಂಗೇರಿವರೆಗೂ ರೈಲು ಓಡುತ್ತಿದೆ. ಅಲ್ಲಿಂದಾಚೆ ಬಿಡದಿ, ಮಾಗಡಿ ಕಡೆ ನಮ್ಮಂಥ ಮಳೆ ನಂಬಿದ ರಾಗಿಯವರು ಇನ್ನೂ ಇದ್ದೇವೆ. ಆಳುಗಳು ಮಾತ್ರ ಪಟ್ಟಣದ ಪಾಲು. ಹಾಗಾಗಿ ಕೊಯ್ಲಿಗೆ ಬಾಡಿಗೆ ಯಂತ್ರ ಕರೆಸೋದು ಹೆಚ್ಚಾಗಿದೆ.

ಕೊಯ್ಲು, ಒಕ್ಕಣೆ ಎರಡೂ ಒಂದೇ ಸಲಕ್ಕೆ ಮುಗಿಯುತ್ತೆ, ನಿಜ. ಆದರೆ ಹುಲ್ಲು? ಯಂತ್ರ ಬುಡದಲ್ಲಿ ಮೊಳದುದ್ದ ಕೂಳೆ ಬಿಟ್ಟು, ಮಿಕ್ಕಿದ್ದನ್ನು ನುರಿದು ಮಣ್ಣಿಗೆ ಚೆಲ್ಲುತ್ತೆ. ಹಸು ಕಟ್ಟಿದವನಿಗೆ ಅದು ಅರ್ಧ ಬೆಳೆ ಹೋದಂಗೆ.

ಇನ್ನೊಂದು ಅಕ್ಕಡಿ ಸಾಲು. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ನಿಂತು ಚಳಿಗೆ ಕಾಯಿ ಕಟ್ಟಬೇಕು. ಯಂತ್ರದ ಚಕ್ರಕ್ಕೆ ಅದೆಲ್ಲಿ ಕಾಣುತ್ತೆ? ಈ ತೊಂದರೆಗೇ ಅವರೆ ಹಾಕೋದು ಬಿಟ್ಟು, ಸೊಗಡವರೆಗೆ ಸಂತೆಗೆ ಹೋಗೋ ರೈತರೂ ಇದ್ದಾರೆ!

ತೀರ್ಮಾನ ಆಗಬೇಕಾದ್ದು ಕೊಯ್ಲಲ್ಲಲ್ಲ, ಕೂರಿಗೆ ಹೂಡುವಾಗಲೇ. ನಾನು ಹೊಲದ ಒಂದು ಮಗ್ಗುಲಲ್ಲಿ ಮಾತ್ರ ಅವರೆ, ತೊಗರಿ ಅಕ್ಕಡಿ ಹಾಕ್ತೀನಿ. ಆ ಭಾಗ ಕುಡುಗೋಲಿಗೆ. ಮನೆಮಂದಿಯೇ ಕೊಯ್ದು ಮೆದೆ ಹಾಕಿದರೆ ಹಸುವಿಗೆ ಹುಲ್ಲೂ ಆಯ್ತು, ಅಡುಗೆಗೆ ಕಾಳೂ ಆಯ್ತು. ಬರೀ ರಾಗಿ ಇರೋ ಕಡೆ ಯಂತ್ರ ಬಿಡ್ತೀನಿ.

ಯಂತ್ರದ ರಾಗಿಯಲ್ಲಿ ಹಸಿ ಇರುತ್ತೆ. ಎರಡು ಮೂರು ಬಿಸಿಲು ಕಾಣಿಸಿಯೇ ಮೂಟೆ ಕಟ್ಟಿ, ಇಲ್ಲದಿದ್ದರೆ ಮುಗ್ಗುತ್ತೆ.